ಪಾಸಾದರೆ ಸಾಕೇ?

ಹದಿನೆಂಟು ತುಂಬುವುದನ್ನೇ ಕಾಯುತ್ತಿರುವ ನಾವೆಲ್ಲ ಎಲ್‌ಎಲ್ ಪರೀಕ್ಷೆಯ ಉತ್ತರಗಳನ್ನು ಮೊಬೈಲ್ ನೋಡಿ ಬಾಯಿಪಾಠ ಮಾಡುತ್ತಿದ್ದೇವೆ. ಶೇ. 60 ಸರಿಯಾದರೆ ಪಾಸ್. ಮೊನ್ನೆ ಅಬ್ಬಾ ಉತ್ತರಗಳನ್ನು ಕೈಯಿಂದ ಮುಚ್ಚಿ, ಚಿಹ್ನೆ ಮಾತ್ರ ತೋರಿಸಿ ಕೇಳಿದರು. ಕೆಂಪು ಅಂಚಿನ ತಲೆಕೆಳಗಾದ ತ್ರಿಕೋನಕ್ಕೇ ತಡವರಿಸಿದೆ. ‘ದಾರಿ ಬಿಡಿ’ ಎಂದರ್ಥ. ಇದು ತಪ್ಪಾದರೂ ನಾನು ಪಾಸಾಗುತ್ತಿದ್ದೆ! ಸಂಜೆ ನಮ್ಮ ಗೇಟಿನೆದುರು ಯಾರೂ ಯಾರಿಗೂ ದಾರಿ ಬಿಡದಿರುವುದು ಏಕೆಂದು ಆಗ ಹೊಳೆಯಿತು.

ಎಲ್‌ಎಲ್ಲೇ ಇಲ್ಲದೆ ಬೈಕ್ ತರುವ ಗೆಳೆಯರೂ ಇದ್ದಾರೆ. 2019ರ ತಿದ್ದುಪಡಿಯ ಪ್ರಕಾರ ಪೋಷಕರಿಗೆ 25,000 ರೂಪಾಯಿ ದಂಡ, ಮೂರು ವರ್ಷದವರೆಗೆ ಜೈಲು. ನಮಗೆ 25 ತುಂಬುವವರೆಗೆ ಎಲ್‌ಎಲ್ ಇಲ್ಲ. ಮನೆಯವರನ್ನು ಕೋರ್ಟಿಗೆ ಅಲೆಸುವಷ್ಟು ಅವಸರವೇನಿದೆ?

ಕಾಲೇಜಿನ ಕ್ವಿಜ್‌ನಲ್ಲಿ ಒಂದು ಸುತ್ತು ರಸ್ತೆ ಚಿಹ್ನೆಗಳದ್ದಾಗಲಿ, ಆಯ್ಕೆಗಳನ್ನು ಕೊಡದೆ. ಸರ್, ಮೇಡಂಗಳೂ ಭಾಗವಹಿಸಲಿ.