ಸಾಹೇಬರ ಫೋನು, ನಮ್ಮ ಕಾಗದ

ಒಂದು ಹಾಸ್ಟೆಲ್ಲಿನ ಹುಡುಗರು ಊಟದ ಬಗ್ಗೆ ಅರ್ಜಿ ಬರೆದರು. ಬೇಳೆಯಿಲ್ಲದ ಸಾರು, ಹುಳ ಬಿದ್ದ ಅಕ್ಕಿ, ಲೆಕ್ಕದ ಪುಸ್ತಕದಲ್ಲಿ ಮಾತ್ರ ಇರುವ ಮೊಟ್ಟೆ. ನಲವತ್ತು ಜನ ಸಹಿ ಹಾಕಿದರು. ಅರ್ಜಿ ಮೇಲಿನ ಸಾಹೇಬರ ಮೇಜಿಗೆ ಹೋಯಿತು. ಉತ್ತರ ಸಾಹೇಬರ ಕಚೇರಿಯಿಂದ ಬರಲಿಲ್ಲ, ಪೊಲೀಸ್ ಠಾಣೆಯಿಂದ ಬಂತು. ಮೂವರನ್ನು ಕರೆಸಿ ಸಂಜೆಯಿಂದ ರಾತ್ರಿ ಹನ್ನೊಂದರವರೆಗೆ ಬೆಂಚಿನ ಮೇಲೆ ಕೂರಿಸಿದರು. ‘ಏನ್ರೋ, ಲೀಡ್ರುಗಳಾ? ಸ್ಟೋರ್ ರೂಮಿನ ಬೀಗ ಮುರಿದಿದ್ದೀರಂತೆ. ಒಂದು ಕೇಸು ಜಡಿದ್ರೆ ಜನ್ಮದಲ್ಲಿ ಸರ್ಕಾರಿ ನೌಕರಿ ಸಿಗಲ್ಲ, ತಿಳ್ಕಳಿ’ ಎಂದರು. ಬಿಳಿ ಹಾಳೆಯ ಮೇಲೆ ಸಹಿ ಹಾಕಿಸಿಕೊಂಡು ಬಿಟ್ಟರು. ಬಾಗಿಲವರೆಗೆ ಬಂದ ಪೇದೆಯೊಬ್ಬ ಮೆಲ್ಲಗೆ ಹೇಳಿದ: ‘ದೊಡ್ಡ ಸಾಹೇಬ್ರು ಫೋನ್ ಮಾಡವ್ರೆ ಕಣ್ರಪ್ಪಾ, ನಾವೇನ್ ಮಾಡೋದು?’

ಮಾರನೆಯ ದಿನ ಅರ್ಜಿಯಿಂದ ಮೂವತ್ತು ಸಹಿಗಳು ವಾಪಸ್ಸಾದವು.

ಊರಿನ ಹೆಸರನ್ನಾಗಲಿ ಹುಡುಗರ ಹೆಸರನ್ನಾಗಲಿ ನಾವು ಬರೆಯುವುದಿಲ್ಲ. ಅವರಿಗೆ ಪರೀಕ್ಷೆ ಇದೆ, ಊರಲ್ಲಿ ಕೂಲಿಗೆ ಹೋಗುವ ಅವ್ವ ಇದ್ದಾಳೆ. ಇದನ್ನು ಓದುವ ಯಾವ ಹಾಸ್ಟೆಲ್ಲಿನವರಿಗೂ ಇದು ಹೊಸ ಕಥೆಯಲ್ಲ. ಹಿಂದೆ ಗೌಡನ ಮನೆಯಿಂದ ದೊಣ್ಣೆ ಬರುತ್ತಿತ್ತು. ಈಗ ಕಚೇರಿಯಿಂದ ಫೋನು ಹೋಗುತ್ತದೆ. ಭೂಮಿ ಕೇಳಿದರೆ ಒಬ್ಬ ಸಾಹೇಬ, ಕೂಲಿ ಕೇಳಿದರೆ ಇನ್ನೊಬ್ಬ, ಅನ್ನ ಕೇಳಿದರೆ ಮತ್ತೊಬ್ಬ. ಠಾಣೆ ಮಾತ್ರ ಎಲ್ಲರಿಗೂ ಒಂದೇ.

ಈ ಫೋನಿಗೆ ಇಷ್ಟು ಬಲ ಎಲ್ಲಿಂದ ಬಂತು? ಅದಕ್ಕೆ ಫೈಲು ಇಲ್ಲ, ನಂಬರು ಇಲ್ಲ, ಸಹಿ ಇಲ್ಲ. ನಾಳೆ ಕೇಳಿದರೆ ‘ನಾನೆಲ್ಲಿ ಹೇಳಿದೆ?’ ಎಂದು ಸಾಹೇಬರು ಕೈ ತೊಳೆದುಕೊಳ್ಳುತ್ತಾರೆ. ಆದರೆ ಕಾನೂನು ಈ ಫೋನನ್ನು ಒಪ್ಪುವುದಿಲ್ಲ. ಅಧಿಕಾರಿಗಳು ಬಾಯಿಮಾತಿನ ಆದೇಶದ ಮೇಲೆ ಕೆಲಸ ಮಾಡಬಾರದು, ಮೇಲಿನವರು ಹೇಳಿದ್ದನ್ನು ಬರಹದಲ್ಲಿ ದಾಖಲಿಸಬೇಕು ಎಂದು ಸುಪ್ರೀಂ ಕೋರ್ಟು 2013ರಲ್ಲಿ ಟಿ.ಎಸ್.ಆರ್. ಸುಬ್ರಮಣಿಯನ್ ಪ್ರಕರಣದಲ್ಲಿ ಹೇಳಿತು. ಆದ್ದರಿಂದ ಬಾಯಲ್ಲಿ ನಡೆಯುವುದನ್ನು ಕಾಗದಕ್ಕೆ ಎಳೆಯುವುದೇ ನಮ್ಮ ಕೆಲಸ. ಹೇಗೆ ಎಂಬುದನ್ನು ಒಂದೊಂದಾಗಿ ನೋಡೋಣ.

ಠಾಣೆಗೆ ‘ಸುಮ್ನೆ ಬಂದು ಹೋಗ್ರೋ’ ಎಂದು ಕರೆದರೆ ಲಿಖಿತ ನೋಟಿಸು ಕೇಳಿ. ಸಾಕ್ಷಿಯಾಗಿ ಕರೆಯಲೂ ಬರಹದ ಆದೇಶ ಬೇಕು ಎಂದು ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 179ನೇ ಕಲಂ ಹೇಳುತ್ತದೆ. ಹೆಣ್ಣುಮಕ್ಕಳನ್ನು ಸಾಕ್ಷಿ ಹೇಳಿಕೆಗೆಂದು ಠಾಣೆಗೆ ಕರೆಸುವಂತಿಲ್ಲ, ಅವರು ವಾಸವಿರುವ ಕಡೆಗೇ ಪೊಲೀಸರು ಬರಬೇಕು. ಒಬ್ಬರೇ ಹೋಗಬೇಡಿ. ಬಿಳಿ ಹಾಳೆಗೆ ಸಹಿ ಬೇಡವೇ ಬೇಡ. ತನಿಖೆಯಲ್ಲಿ ಪೊಲೀಸರು ಬರೆದುಕೊಳ್ಳುವ ಹೇಳಿಕೆಗೆ ಹೇಳಿದವರ ಸಹಿ ಹಾಕಿಸಬಾರದೆಂದೇ ಕಾನೂನಿದೆ. ಬಂಧಿಸಿದರೆ ಕಾರಣ ಹೇಳಬೇಕು, ಬಂಧನದ ಮೆಮೊ ಬರೆಯಬೇಕು, ಮನೆಯವರಿಗೋ ಗೆಳೆಯರಿಗೋ ತಿಳಿಸಬೇಕು. ಪ್ರಯಾಣದ ಹೊತ್ತು ಬಿಟ್ಟು 24 ಗಂಟೆಯೊಳಗೆ ಮ್ಯಾಜಿಸ್ಟ್ರೇಟರ ಮುಂದೆ ನಿಲ್ಲಿಸಬೇಕು. ಸಂವಿಧಾನದ 22ನೇ ವಿಧಿಯೂ 1996ರ ಡಿ.ಕೆ. ಬಸು ತೀರ್ಪೂ ನಮ್ಮ ಪರ ಇವೆ.

ಆ ರಾತ್ರಿ ಬೆಂಚಿನ ಮೇಲೆ ಕೂರಿಸಿದ್ದಕ್ಕೆ ಸಾಕ್ಷಿ ಇಲ್ಲ ಅಂದುಕೊಳ್ಳಬೇಡಿ. ಪ್ರತಿ ಠಾಣೆಯಲ್ಲೂ ಸಿಸಿಟಿವಿ ಇರಬೇಕು, ದೃಶ್ಯಗಳನ್ನು 18 ತಿಂಗಳು, ಆಗದಿದ್ದರೆ ಕನಿಷ್ಠ ಒಂದು ವರ್ಷ ಉಳಿಸಬೇಕು ಎಂದು 2020ರ ಡಿಸೆಂಬರ್‌ನಲ್ಲಿ ಸುಪ್ರೀಂ ಕೋರ್ಟು ಆದೇಶಿಸಿತು. ಮಾರನೆಯ ದಿನವೇ ತಾರೀಕು, ಗಂಟೆ ಬರೆದು ‘ಈ ದೃಶ್ಯಗಳನ್ನು ಅಳಿಸಬೇಡಿ’ ಎಂದು ಎಸ್‌ಪಿಯವರಿಗೆ ಅರ್ಜಿ ಹಾಕಿ. ಕ್ಯಾಮೆರಾ ಕೆಟ್ಟಿತ್ತು ಅನ್ನಬಹುದು. ಅನ್ನಲಿ, ಅದನ್ನೂ ಬರೆದು ಕೊಡಲಿ.

ಇನ್ನು ನಾವು ದೂರು ಕೊಡಲು ಹೋದಾಗ ‘ಹೋಗ್ರಯ್ಯಾ, ರಾಜಿ ಮಾಡ್ಕಳಿ’ ಎನ್ನುವ ಮಾತು. ಸಂಜ್ಞೇಯ ಅಪರಾಧದ ಮಾಹಿತಿ ಬಂದರೆ ಎಫ್‌ಐಆರ್ ದಾಖಲಿಸಲೇಬೇಕು ಎಂದು 2013ರ ಲಲಿತಾ ಕುಮಾರಿ ತೀರ್ಪು ಹೇಳಿದೆ. ಸುರಕ್ಷಾ ಸಂಹಿತೆಯ 173ನೇ ಕಲಮಿನ ಪ್ರಕಾರ ಸರಹದ್ದಿನ ನೆಪ ಹೇಳುವಂತಿಲ್ಲ, ಎಫ್‌ಐಆರ್‌ನ ಪ್ರತಿಯನ್ನು ಪುಕ್ಕಟೆ ಕೊಡಬೇಕು. ಕೊಡದಿದ್ದರೆ ದೂರನ್ನು ಎಸ್‌ಪಿಗೆ ಸ್ಪೀಡ್ ಪೋಸ್ಟಿನಲ್ಲಿ ಕಳಿಸಿ, ರಸೀದಿ ಜೋಪಾನ ಮಾಡಿ. ಅಲ್ಲೂ ಆಗದಿದ್ದರೆ 175(3)ನೇ ಕಲಮಿನಡಿ ಅಫಿಡವಿಟ್ ಹಾಕಿ ನ್ಯಾಯಾಲಯದಿಂದಲೇ ತನಿಖೆಗೆ ಆದೇಶ ಪಡೆಯಬಹುದು. ಆ ಎರಡು ಮೆಟ್ಟಿಲು ಹತ್ತಿದ್ದಕ್ಕೆ ರಸೀದಿಯೇ ಸಾಕ್ಷಿ. ಅದಿಲ್ಲದೆ ಮೂರನೆಯ ಮೆಟ್ಟಿಲು ಸಿಗುವುದು ಕಷ್ಟ.

ಸಾಹೇಬರ ಮೇಲೇ ಏನು ಮಾಡಬಹುದು? 1989ರ ದೌರ್ಜನ್ಯ ತಡೆ ಕಾಯ್ದೆಯನ್ನು ಬಿಡಿಸಿ ಓದಿ. ಪರಿಶಿಷ್ಟ ಜಾತಿ, ಪಂಗಡದವರ ಮೇಲೆ ಸುಳ್ಳು ಕೇಸು ಹೂಡುವುದು 3(1)(ಪಿ) ಪ್ರಕಾರ ಅಪರಾಧ. ಸರ್ಕಾರಿ ನೌಕರನಿಗೆ ಸುಳ್ಳು ಮಾಹಿತಿ ಕೊಟ್ಟು, ಅವನ ಅಧಿಕಾರದಿಂದ ನಮಗೆ ತೊಂದರೆ ಮಾಡಿಸುವುದು 3(1)(ಕ್ಯೂ) ಪ್ರಕಾರ ಅಪರಾಧ. ಸ್ಟೋರ್ ರೂಮಿನ ಬೀಗದ ಸುಳ್ಳನ್ನು ಠಾಣೆಗೆ ಊದಿದವರಿಗೆ ಹೇಳಿ ಮಾಡಿಸಿದ ಕಲಂ ಇದು. ಆರು ತಿಂಗಳಿಂದ ಐದು ವರ್ಷದವರೆಗೆ ಶಿಕ್ಷೆ. ಮಾಡಿದವನು ಸರ್ಕಾರಿ ನೌಕರನಾಗಿದ್ದರೆ 3(2)(vii) ಪ್ರಕಾರ ಒಂದು ವರ್ಷಕ್ಕೆ ಕಡಿಮೆಯಿಲ್ಲ. ನಮ್ಮ ದೂರನ್ನು ಬೇಕೆಂದೇ ದಾಖಲಿಸದ ನೌಕರನಿಗೆ 4ನೇ ಕಲಂ ಇದೆ, ಆದರೆ ಅದಕ್ಕೆ ಮೊದಲು ಇಲಾಖೆಯ ವಿಚಾರಣೆ ಶಿಫಾರಸು ಮಾಡಬೇಕು. ಕುರ್ಚಿಯಲ್ಲಿ ಕೂತವನು ನಮ್ಮ ಜನದವನೇ ಆಗಿದ್ದರೆ ಈ ಕಾಯ್ದೆ ಅವನಿಗೆ ತಗಲುವುದಿಲ್ಲ. ಅಂಥವರೂ ಇದ್ದಾರೆ, ಮುಚ್ಚಿಡುವುದು ಬೇಡ. ಕೆಡುಕು ಮಾಡಲೆಂದು ಸುಳ್ಳು ದಾಖಲೆ ಬರೆದ ಸರ್ಕಾರಿ ನೌಕರ ಯಾವ ಜಾತಿಯವನಾದರೂ ಭಾರತೀಯ ನ್ಯಾಯ ಸಂಹಿತೆಯ 201ನೇ ಕಲಂ ಮೂರು ವರ್ಷದವರೆಗೆ ಶಿಕ್ಷೆ ಹೇಳುತ್ತದೆ.

ಅಧಿಕಾರ ದುರ್ಬಳಕೆಗೆ 1984ರ ಕಾಯ್ದೆಯ ಲೋಕಾಯುಕ್ತ ಇದೆ. ಪೊಲೀಸರ ಮೇಲಿನ ದೂರಿಗೆ, 2006ರ ಪ್ರಕಾಶ್ ಸಿಂಗ್ ತೀರ್ಪಿನ ನಂತರ ನಮ್ಮ ರಾಜ್ಯದ ಕಾಯ್ದೆಗೆ 2012ರಲ್ಲಿ ಸೇರಿಸಿದ ಪೊಲೀಸ್ ದೂರು ಪ್ರಾಧಿಕಾರ ಇದೆ. ಸುಳ್ಳು ಕೇಸನ್ನು ರದ್ದು ಮಾಡುವ ಅಧಿಕಾರ ಹೈಕೋರ್ಟಿಗಿದೆ. ವಕೀಲರಿಗೆ ದುಡ್ಡೆಲ್ಲಿ ಎಂದು ಹಿಂಜರಿಯಬೇಡಿ. 1987ರ ಕಾನೂನು ಸೇವೆಗಳ ಕಾಯ್ದೆಯ 12ನೇ ಕಲಂ ಪ್ರಕಾರ ನಮ್ಮ ಜನಕ್ಕೆ ಆದಾಯ ನೋಡದೆ ಪುಕ್ಕಟೆ ವಕೀಲರನ್ನು ಕೊಡಬೇಕು. ತಾಲೂಕು ಕೋರ್ಟಿನಲ್ಲೇ ಕಾನೂನು ಸೇವಾ ಸಮಿತಿ ಇರುತ್ತದೆ, ಅಲ್ಲಿ ಅರ್ಜಿ ಹಾಕಿ.

‘ಕೇಸಾದ್ರೆ ನೌಕರಿ ಇಲ್ಲ’ ಎನ್ನುವ ಬೆದರಿಕೆಗೂ ಉತ್ತರ ಹೇಳಬೇಕು. ಹೆದರಿಸುವವರ ಕೈಲಿರುವ ದೊಡ್ಡ ಆಯುಧ ಅದು. ಕೇಸು ಇದ್ದ ಮಾತ್ರಕ್ಕೆ ನೌಕರಿ ತಾನಾಗಿ ಹೋಗುವುದಿಲ್ಲ. ಕೇಸು ಎಂಥದ್ದು, ಏನಾಯಿತು ಎಂದು ನೋಡಿ ತೀರ್ಮಾನಿಸಬೇಕು ಎಂದು 2016ರ ಅವತಾರ್ ಸಿಂಗ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟು ಹೇಳಿದೆ. ಕೇಸಿದ್ದರೆ ಪರಿಶೀಲನೆಯ ಫಾರಂನಲ್ಲಿ ಕೇಳಿದಾಗ ಮುಚ್ಚಿಡಬೇಡಿ. ಮುಚ್ಚಿಟ್ಟದ್ದೇ ಅನೇಕರ ನೌಕರಿಗೆ ಕುತ್ತು ತಂದಿದೆ.

ಕಲಮುಗಳನ್ನು ಬಾಯಿಪಾಠ ಮಾಡಿದರೆ ನ್ಯಾಯ ಸಿಕ್ಕಿಬಿಡುತ್ತದೆ ಎಂದು ನಾವು ಹೇಳುತ್ತಿಲ್ಲ. ಅಧಿಕಾರಿಗಳ ಸುತ್ತ ಕಾನೂನೇ ಬೇಲಿ ಕಟ್ಟಿದೆ. ಕರ್ತವ್ಯದ ಹೆಸರಿನಲ್ಲಿ ಮಾಡಿದ ಅಪರಾಧಕ್ಕೆ ಸರ್ಕಾರದ ಅನುಮತಿ ಬೇಕು ಎನ್ನುತ್ತಾರೆ. ಅನುಮತಿ ಕೇಳಿ 120 ದಿನದೊಳಗೆ ತೀರ್ಮಾನ ಆಗದಿದ್ದರೆ ಅದು ಸಿಕ್ಕಂತೆಯೇ ಎಂದು ಹೊಸ ಸಂಹಿತೆಯ 218ನೇ ಕಲಂ ಹೇಳುತ್ತದೆ, ನಿಜ. ಆದರೂ ದಿನ ಎಣಿಸುವವರು ನಾವೇ.

ಮಹಾರಾಷ್ಟ್ರದ ಕರಾಡದಲ್ಲಿ ನಡೆದದ್ದನ್ನು ನೆನೆಯಿರಿ. ಸರ್ಕಾರಿ ಫಾರ್ಮಸಿ ಕಾಲೇಜಿನ ಒಬ್ಬ ದಲಿತ ನೌಕರನ ಗೌಪ್ಯ ವರದಿಯಲ್ಲಿ ಮೇಲಧಿಕಾರಿಗಳು ಕೆಟ್ಟದಾಗಿ ಬರೆದರು. ಆತ ದೂರು ಕೊಟ್ಟ. ಅವರ ಮೇಲೆ ಮೊಕದ್ದಮೆ ಹೂಡಲು ಇನ್ನೂ ಮೇಲಿನ ಅಧಿಕಾರಿ ಅನುಮತಿಯನ್ನೇ ಕೊಡಲಿಲ್ಲ. ಆ ಜಗಳ ದಿಲ್ಲಿಗೆ ಹೋಗಿ, 2018ರ ಮಾರ್ಚ್ 20ರಂದು ಸುಪ್ರೀಂ ಕೋರ್ಟು ದೌರ್ಜನ್ಯ ಕಾಯ್ದೆಯ ಹಲ್ಲನ್ನೇ ಕಿತ್ತಿತು. ಬಂಧನಕ್ಕೆ ಮೊದಲು ಮೇಲಿನವರ ಒಪ್ಪಿಗೆ ಬೇಕು ಎಂದಿತು. ಏಪ್ರಿಲ್ 2ರಂದು ದೇಶದ ಬೀದಿಗಳು ತುಂಬಿದವು, ನಮ್ಮ ಜನ ಪ್ರಾಣ ಕೊಟ್ಟರು. ಅದೇ ವರ್ಷ ಆಗಸ್ಟಿನಲ್ಲಿ ಸಂಸತ್ತು 18ಎ ಕಲಮನ್ನು ಸೇರಿಸಿತು: ಎಫ್‌ಐಆರ್‌ಗೆ ಪ್ರಾಥಮಿಕ ವಿಚಾರಣೆ ಬೇಡ, ಬಂಧನಕ್ಕೆ ಯಾರ ಒಪ್ಪಿಗೆಯೂ ಬೇಡ. 2020ರಲ್ಲಿ ಕೋರ್ಟೂ ಅದನ್ನು ಎತ್ತಿಹಿಡಿಯಿತು. ಠಾಣೆಯಲ್ಲಿ ‘18ಎ’ ಎಂದು ಹೇಳುವಾಗ ಆ ಸತ್ತವರ ನೆನಪಿರಲಿ.

ಬಾಬಾಸಾಹೇಬರು ಮಹಾಡದ ಕೆರೆಯ ನೀರು ಮುಟ್ಟಿದ್ದು 1927ರಲ್ಲಿ. ಸವರ್ಣರು ಕೋರ್ಟಿಗೆ ಹೋಗಿ ತಡೆ ತಂದರು. ಬಾಬಾಸಾಹೇಬರು ಚಳವಳಿಯನ್ನೂ ಬಿಡಲಿಲ್ಲ, ಕಾಗದವನ್ನೂ ಬಿಡಲಿಲ್ಲ. ಬೊಂಬಾಯಿ ಹೈಕೋರ್ಟಿನಲ್ಲಿ ಆ ಕೇಸು ಗೆದ್ದದ್ದು 1937ರ ಮಾರ್ಚಿನಲ್ಲಿ. ಹತ್ತು ವರ್ಷ! ಒಂದು ರಾತ್ರಿ ಬೆಂಚಿನ ಮೇಲೆ ಕೂತದ್ದಕ್ಕೆ ಸಹಿ ವಾಪಸ್ ಪಡೆದ ಹುಡುಗರನ್ನು ನಾವು ಬೈಯುವುದಿಲ್ಲ. ಆ ರಾತ್ರಿ ಠಾಣೆಯ ಬಾಗಿಲಲ್ಲಿ ಉಳಿದ ಮೂವತ್ತೇಳು ಜನ ನಿಂತಿದ್ದರೆ ಆ ಬೆಂಚು ಅಷ್ಟು ಹೊತ್ತು ಬೆಚ್ಚಗಿರುತ್ತಿರಲಿಲ್ಲ. ಅವರು ಬಾರದಿದ್ದಕ್ಕೆ ಕಾರಣ ಹೇಡಿತನವಲ್ಲ. ಹೋಗಿ ಏನು ಕೇಳಬೇಕು ಎಂದು ಅವರಿಗೆ ಯಾರೂ ಹೇಳಿಕೊಟ್ಟಿರಲಿಲ್ಲ. ಆ ತಪ್ಪು ನಮ್ಮ ಸಂಘಟನೆಯದೂ ಹೌದು.

ಆದ್ದರಿಂದ ಗೆಳೆಯರೇ, ಪ್ರತಿ ಹಾಸ್ಟೆಲ್ಲಿನಲ್ಲಿ ಒಂದು ನೋಟ್‌ಬುಕ್ ಇಡಿ. ಯಾರು ಕರೆದರು, ಯಾವ ಹೊತ್ತಿಗೆ, ಯಾವ ಸಾಹೇಬರ ಹೆಸರು ಹೇಳಿದರು, ಏನು ಬೈದರು, ಎಲ್ಲ ಅವತ್ತೇ ಬರೆಯಿರಿ. ರಸೀದಿಗಳನ್ನು ಅದರಲ್ಲೇ ಅಂಟಿಸಿ. ಒಬ್ಬರಿಗೆ ಕರೆ ಬಂದರೆ ನಾಲ್ವರು ಜೊತೆಗೆ ಹೋಗಿ. ಇದನ್ನು ಓದಿ ಮಡಚಿ ದಿಂಬಿನ ಕೆಳಗೆ ಇಡಬೇಡಿ, ಪಕ್ಕದ ರೂಮಿಗೆ ದಾಟಿಸಿ. ಆ ಹಾಸ್ಟೆಲ್ಲಿನ ಅರ್ಜಿಯಲ್ಲಿ ಇನ್ನೂ ಹತ್ತು ಸಹಿಗಳು ಉಳಿದಿವೆ. ಮುಂದಿನ ವಾರ ನಾವು ಅಲ್ಲಿಗೆ ಹೋಗುತ್ತಿದ್ದೇವೆ, ನೋಟ್‌ಬುಕ್ ಹಿಡಿದುಕೊಂಡು.

ಜೈಭೀಮ್.