ಕೆಂದಳಿರಿನ ನಾಡಿನಲ್ಲಿ ಹಣ್ಣೆಲೆಯ ಹುಡುಕಾಟ

ದಸರಾ ರಜೆಗೆ ಇನ್ನೂ ತಿಂಗಳಿದೆ ಎನ್ನುವಾಗಲೇ ವಾಟ್ಸ್‌ಆ್ಯಪ್ ಗುಂಪುಗಳಲ್ಲಿ ಒಂದು ಎಕ್ಸೆಲ್ ಹಾಳೆ ಓಡಾಡಲು ಶುರುವಾಗುತ್ತದೆ. ತಲೆಬರಹ ಪ್ರತಿ ವರ್ಷವೂ ಹೆಚ್ಚುಕಡಿಮೆ ಒಂದೇ: 'ಆಟಮ್ ಡ್ರೈವ್, ವೆಸ್ಟರ್ನ್ ಘಾಟ್ಸ್'. ಮೊದಲ ದಿನ ಬೆಳಗಿನ ಜಾವ ನಾಲ್ಕಕ್ಕೆ ಬೆಂಗಳೂರು ಬಿಟ್ಟು ಮುಳ್ಳಯ್ಯನಗಿರಿ, ಬಾಬಾಬುಡನ್‌ಗಿರಿ. ಎರಡನೆಯ ದಿನ ಕೊಟ್ಟಿಗೆಹಾರದಲ್ಲಿ ನೀರುದೋಸೆ ತಿಂದು ಚಾರ್ಮಾಡಿ ಇಳಿದು, ಬಜಗೋಳಿ, ಮಾಳದ ಮೇಲೆ ಕುದುರೆಮುಖದ ಕಾಡಿನೊಳಗೆ ಮತ್ತೆ ಘಟ್ಟ ಹತ್ತಿ ಶೃಂಗೇರಿ. ಮೂರನೆಯ ದಿನ ಆಗುಂಬೆಯಲ್ಲಿ ಸೂರ್ಯಾಸ್ತ. ಗಂಟೆ, ಕಿಲೋಮೀಟರ್, ಪೆಟ್ರೋಲಿನ ಲೆಕ್ಕ, ಡ್ರೋನ್ ಹಾರಿಸುವ ಜಾಗ, 'ವ್ಯೂ ಪಾಯಿಂಟ್', ಎಲ್ಲಕ್ಕೂ ಒಂದೊಂದು ಕಾಲಂ. ಮೂರು ದಿನ, ಮೂರು ಘಟ್ಟ. ಇಡೀ ಹಾಳೆಯಲ್ಲಿ ಒಬ್ಬ ಮನುಷ್ಯನ ಹೆಸರಿಲ್ಲ.

ಜನ ಬೆಟ್ಟ ನೋಡಲು ಹೋಗುವುದರ ಬಗ್ಗೆ ನನಗೆ ತಕರಾರಿಲ್ಲ. ವಾರವಿಡೀ ಕೋಣೆಯೊಳಗೆ ಕೂತು ಕೆಲಸ ಮಾಡುವವರಿಗೆ ಒಂದು ಹಸಿರು ಗುಡ್ಡ ಬೇಕು ಅನ್ನಿಸುವುದನ್ನು ಹಾಸ್ಯ ಮಾಡುವಷ್ಟು ದೊಡ್ಡವನೂ ನಾನಲ್ಲ. ನನ್ನ ಜಗಳ ಈ ಹಾಳೆಯ ಜೊತೆ. ಇದು ನಮ್ಮದಲ್ಲದ ಋತುವೊಂದನ್ನು ನಮ್ಮ ಘಟ್ಟದ ಮೇಲೆ ಹೇರುತ್ತದೆ. ಅದಕ್ಕಿಂತ ಮುಖ್ಯವಾಗಿ, ರಸ್ತೆ ಎಂಬುದು ಬೆಟ್ಟದಲ್ಲಿ ತನ್ನಷ್ಟಕ್ಕೆ ಹುಟ್ಟಿ, ಬಂದವರಿಗೆಲ್ಲ ಜಾಗ ಕೊಡುತ್ತ ಬಿದ್ದಿರುತ್ತದೆ ಎಂದು ನಂಬುತ್ತದೆ.

ಮೊದಲು ಋತುವಿನ ವಿಷಯ. 'ಆಟಮ್' ಎಂದಾಗ ಕಣ್ಣ ಮುಂದೆ ಬರುವ ಕೆಂಪು, ಕಿತ್ತಳೆ, ಹಳದಿ ಬೆಟ್ಟಗಳು ಅಮೆರಿಕದ ಈಶಾನ್ಯ ರಾಜ್ಯಗಳವು, ಅಪಲೇಚಿಯನ್ ಶ್ರೇಣಿಯವು. ಅಲ್ಲಿ ಚಳಿ ಬರುವ ಮೊದಲು ಇಡೀ ಕಾಡು ಒಟ್ಟಿಗೆ ಎಲೆ ಉದುರಿಸುತ್ತದೆ. ನಮ್ಮ ಘಟ್ಟದ ಮಳೆಕಾಡು ಹಾಗೆ ಮಾಡುವುದಿಲ್ಲ, ಅದು ನಿತ್ಯಹರಿದ್ವರ್ಣ. ಎಲೆ ಉದುರಿಸುವ ಮರಗಳಿರುವುದು ಘಟ್ಟದ ಪೂರ್ವದ ಇಳಿಜಾರಿನಲ್ಲಿ, ಅವು ಬೋಳಾಗುವುದೂ ಅಕ್ಟೋಬರಿನಲ್ಲಲ್ಲ, ಬೇಸಿಗೆ ಹತ್ತಿರ ಬಂದಾಗ. ನಮ್ಮಲ್ಲಿ ಕಾಡು ಕೆಂಪಾಗುವುದು ಇನ್ನೊಂದು ಕಾರಣಕ್ಕೆ. ಬೇಸಿಗೆಯ ಆರಂಭದಲ್ಲಿ ನಾಗಸಂಪಿಗೆ, ಸಾಗಡೆಯಂಥ ಮರಗಳು ಕೆಂಪು ಚಿಗುರು ಬಿಡುತ್ತವೆ. ದೂರದಿಂದ ನೋಡಿದರೆ ಮರಕ್ಕೆ ಬೆಂಕಿ ಬಿದ್ದ ಹಾಗೆ. ಹಳಗನ್ನಡದ ಕವಿಗಳಿಂದ ಇಂದಿನವರೆಗೆ ಬಂದಿರುವ 'ಕೆಂದಳಿರು' ಎಂಬ ಪದ ಇದಕ್ಕೇ ಇರುವುದು. ಅಲ್ಲಿ ಕೆಂಪು ಸಾಯುವ ಎಲೆಯ ಬಣ್ಣ, ಇಲ್ಲಿ ಹುಟ್ಟುವ ಎಲೆಯದು. ಇಷ್ಟು ಹಳೆಯ, ಇಷ್ಟು ಖಚಿತವಾದ ಪದವನ್ನು ಕೈಯಲ್ಲಿಟ್ಟುಕೊಂಡು, ಅಕ್ಟೋಬರಿನ ಹಸಿರು ಕಾಡಿನ ಫೋಟೊಕ್ಕೆ ಕಿತ್ತಳೆ ಬಣ್ಣದ ಫಿಲ್ಟರ್ ಹಾಕುವ ಸಾಹಿತ್ಯದ ವಿದ್ಯಾರ್ಥಿಗಳನ್ನು ನಾನು ನೋಡಿದ್ದೇನೆ.

ಹಾಗಾದರೆ ಘಟ್ಟದ ಶರತ್ಕಾಲ ಎಂದರೇನು? ಉತ್ತರೆ ಮುಗಿದು ಹಸ್ತ, ಚಿತ್ತಾ, ಸ್ವಾತಿ ಎಂದು ಮಳೆ ಒಂದೊಂದಾಗಿ ಹಿಂದೆ ಸರಿಯುವ ಕಾಲ. ಬೆಳಿಗ್ಗೆ ಬಿಸಿಲು, ಸಂಜೆ ಗುಡುಗು. ಅಡಿಕೆ ತೋಟದಲ್ಲಿ ಕೊಳೆರೋಗದಿಂದ ಉಳಿದದ್ದೆಷ್ಟು ಎಂಬ ಲೆಕ್ಕ, ಕೊನೆ ಕೊಯ್ಲಿಗೆ ಆಳು ಹುಡುಕುವ ಗಡಿಬಿಡಿ. ಗದ್ದೆಯಲ್ಲಿ ಭತ್ತ ಹಾಲುಗಟ್ಟಿರುತ್ತದೆ. ಆಶ್ವಯುಜದ ಹುಣ್ಣಿಮೆಗೆ ಮಲೆನಾಡಿನ ರೈತರು ಭೂಮಿ ಬಸುರಿಯಾಗಿದ್ದಾಳೆ ಎಂದು ಅವಳಿಗೆ ಬಯಕೆ ಊಟ ಬಡಿಸುತ್ತಾರೆ. ಅದು ಭೂಮಿ ಹುಣ್ಣಿಮೆ. ದೀವರ ಹೆಂಗಸರು ಬುಟ್ಟಿಗೆ ಕೆಮ್ಮಣ್ಣು ಬಳಿದು ಅದರ ಮೇಲೆ ಅಕ್ಕಿಹಿಟ್ಟಿನ ಬಿಳಿಯಲ್ಲಿ ಚಿತ್ತಾರ ಬರೆಯುತ್ತಾರೆ, ಅದೇ ಭೂಮಣ್ಣಿ ಬುಟ್ಟಿ. ರಾತ್ರಿಯಿಡೀ ಅಡುಗೆ. ನಾನಾ ಬಗೆಯ ಸೊಪ್ಪು ಬೇಯಿಸಿ ಮಾಡಿದ ಹಚ್ಚಂಬಲಿಯನ್ನು ಬೆಳಕು ಹರಿಯುವ ಮೊದಲೇ ಹೊಲಗದ್ದೆಗೆ ಬೀರಿ ಬರುತ್ತಾರೆ. ಆಮೇಲೆ ಮನೆಮಂದಿಯೆಲ್ಲ ಗದ್ದೆಯಲ್ಲೇ ಕೂತು ಉಣ್ಣುತ್ತಾರೆ. ಇಡೀ ಶರದೃತುವಿನಲ್ಲಿ ಇದಕ್ಕಿಂತ ಚೆಂದದ ಬೆಳಗು ನನಗೆ ಗೊತ್ತಿಲ್ಲ. ಹಾಳೆಯ ಪ್ರಕಾರ ಆ ಹೊತ್ತಿಗೆ ನಮ್ಮವರು ಮುಳ್ಳಯ್ಯನಗಿರಿಯ ಬುಡದಲ್ಲಿ ಇಂಜಿನ್ ಆರಿಸದೆ ಸಾಲಿನಲ್ಲಿ ನಿಂತಿರುತ್ತಾರೆ.

ಸರಿ, ಚಿತ್ರ ಎರವಲು ತಂದದ್ದಾಯಿತು. ಎರವಲು ಕೊಟ್ಟವರು ತಮ್ಮ ಬೆಟ್ಟದ ರಸ್ತೆಯನ್ನು ಹೇಗಿಟ್ಟುಕೊಂಡಿದ್ದಾರೆ ಎಂದಾದರೂ ನೋಡಬೇಕಲ್ಲ. ಶರತ್ಕಾಲದ ಪಯಣ ಎಂದರೆ ಅಮೆರಿಕದಲ್ಲಿ ಮೊದಲು ನೆನಪಾಗುವ ರಸ್ತೆಗಳಲ್ಲಿ ಒಂದು ಬ್ಲೂ ರಿಡ್ಜ್ ಪಾರ್ಕ್‌ವೇ. ಉದ್ದ 469 ಮೈಲಿ. ಕೆಲಸ ಶುರುವಾದದ್ದು 1935ರಲ್ಲಿ, ಕೊನೆಯ ತುಂಡು ಮುಗಿದದ್ದು 1987ರಲ್ಲಿ. ಅಷ್ಟು ತಡವಾಗಲು ಮುಖ್ಯ ಕಾರಣ ಗ್ರ್ಯಾಂಡ್‌ಫಾದರ್ ಎಂಬ ಬೆಟ್ಟ. ಅದರ ಮೈ ಕೊರೆದು ರಸ್ತೆ ಮಾಡುವುದಕ್ಕೆ ವಿರೋಧ ಬಂತು, ವರ್ಷಗಟ್ಟಲೆ ಜಗ್ಗಾಟ ನಡೆಯಿತು. ಕೊನೆಗೆ ಬೆಟ್ಟದ ಪಕ್ಕೆಗೆ ತಾಗದಂತೆ ಒಂದು ಮೇಲುಸೇತುವೆ ಕಟ್ಟಿದರು. ಬೇರೆಡೆ ಎರಕ ಹೊಯ್ದ 153 ತುಂಡುಗಳನ್ನು, ನೆಲ ಅಗೆಯುವುದು ಆದಷ್ಟು ಕಡಿಮೆಯಾಗಲೆಂದು, ಮೇಲಿನಿಂದಲೇ ಒಂದೊಂದಾಗಿ ಜೋಡಿಸಿದರು. ಆ ರಸ್ತೆಯಲ್ಲಿ ಗಂಟೆಗೆ 45 ಮೈಲಿಗಿಂತ ವೇಗವಾಗಿ ಹೋಗುವಂತಿಲ್ಲ, ಸರಕಿನ ಲಾರಿಗಳಿಗೆ ಪ್ರವೇಶವಿಲ್ಲ, ಜಾಹೀರಾತು ಫಲಕಗಳಿಲ್ಲ. ಅವರು ಸಂತರೆಂದು ಹೇಳುತ್ತಿಲ್ಲ. ಅದೇ ಶ್ರೇಣಿಯ ಉತ್ತರಕ್ಕೆ ಶೆನಾಂಡೋವಾ ರಾಷ್ಟ್ರೀಯ ಉದ್ಯಾನ ಮಾಡುವಾಗ 500ರಷ್ಟು ಕುಟುಂಬಗಳನ್ನು ಎಬ್ಬಿಸಿದ್ದರು. ವರ್ಮಾಂಟಿನ ಪಾಮ್‌ಫ್ರೆಟ್ ಎಂಬ ಪುಟ್ಟ ಊರಿನವರು 2023ರ ಎಲೆಗೆಂಪಿನ ಕಾಲಕ್ಕೆ ತಮ್ಮೂರಿನ ಒಂದು ರಸ್ತೆಯನ್ನು ಹೊರಗಿನವರಿಗೆ ಮುಚ್ಚಿಯೇ ಬಿಟ್ಟರು. ಒಂದು ತೋಟದ ಫೋಟೊ ತೆಗೆಯಲು ಬರುವವರ ಕಾಟ ಅಷ್ಟಿತ್ತು. ಈ ಜಗಳ, ಈ ನಿಯಮ ಯಾವುದೂ ಚಿತ್ರದ ಜೊತೆಗೆ ನಮ್ಮ ಕಡೆ ಬರಲಿಲ್ಲ.

ನಮ್ಮಲ್ಲಿ ಬಂದದ್ದು ಜೆಸಿಬಿ. ಕರಾವಳಿ ಮತ್ತು ಘಟ್ಟದ ಬುಡದಲ್ಲಿ ಮೇಲೆ ಜಂಬಿಟ್ಟಿಗೆ, ಅದರ ಕೆಳಗೆ ಶೇಡಿಮಣ್ಣು. ಜಂಬಿಟ್ಟಿಗೆಯ ಹೊದಿಕೆ ಇರುವತನಕ ಶೇಡಿ ಗಟ್ಟಿ. ಗುಡ್ಡವನ್ನು ಗೋಡೆಯ ಹಾಗೆ ನೆಟ್ಟಗೆ ಕಡಿದರೆ ಶೇಡಿ ಮಳೆಗೆ ಬಾಯ್ದೆರೆಯುತ್ತದೆ, ನೀರು ಕುಡಿದ ಮೇಲೆ ಅದಕ್ಕೆ ನಿಲ್ಲುವ ಶಕ್ತಿಯಿಲ್ಲ. ಭೂವಿಜ್ಞಾನಿಗಳೇ ಬರಬೇಕೆಂದಿಲ್ಲ, ಬಾವಿ ತೋಡುವವರನ್ನು ಕೇಳಿದರೂ ಇದನ್ನು ಹೇಳುತ್ತಾರೆ. 2019ರ ಆಗಸ್ಟ್‌ನಲ್ಲಿ ಚಾರ್ಮಾಡಿ ಕುಸಿದು ತಿಂಗಳುಗಟ್ಟಲೆ ಸಂಚಾರ ಕೆಟ್ಟಿತು. 2024ರ ಜುಲೈನಲ್ಲಿ ಶಿರಾಡಿಯ ದೊಡ್ಡತಪ್ಪಲೆಯಲ್ಲಿ ಗುಡ್ಡ ಜಾರಿತು. ಅದೇ ತಿಂಗಳ 16ರಂದು ಅಂಕೋಲಾದ ಶಿರೂರಿನಲ್ಲಿ, ಅಗಲವಾದ ಹೆದ್ದಾರಿಯ ಪಕ್ಕದ ಗುಡ್ಡ ರಸ್ತೆಯ ಮೇಲೆ, ಗಂಗಾವಳಿ ನದಿಯೊಳಕ್ಕೆ ಬಂತು. ರಸ್ತೆಬದಿಯಲ್ಲಿ ಚಹಾದಂಗಡಿ ಇಟ್ಟುಕೊಂಡಿದ್ದ ಒಂದು ಸಂಸಾರವೇ ಹೋಯಿತು.

ಅದು ಪ್ರವಾಸಿಗರಿಗಾಗಿ ಮಾಡಿದ ರಸ್ತೆಯಲ್ಲ, ಸರಕಿನ ಹೆದ್ದಾರಿ ಎಂದು ನೀವು ಹೇಳಬಹುದು. ನಿಜ. ಆದರೆ ಘಟ್ಟದ ರಸ್ತೆ ಅಗಲವಾಗಲಿ ಎಂಬ ಕೂಗಿನಲ್ಲಿ ಪ್ರತಿ ಶನಿವಾರ ತಿರುವಿನಲ್ಲಿ ಸಿಕ್ಕಿಕೊಂಡು ಹಾರ್ನ್ ಹೊಡೆಯುವ ಕಾರುಗಳ ದನಿಯೂ ಸೇರಿದೆ. ಆಗುಂಬೆಯ 14 ತಿರುವುಗಳು ದಾರಿ ಮಾಡಿದವರ ಸೋಮಾರಿತನದಿಂದ ಬಂದವಲ್ಲ. ವರ್ಷಕ್ಕೆ 7,000 ಮಿಲಿಮೀಟರಿಗೂ ಹೆಚ್ಚು ಮಳೆ ಹೊಯ್ಯುವ ಬೆಟ್ಟ, ತಾನು ಇಷ್ಟನ್ನು ಮಾತ್ರ ತಾಳಬಲ್ಲೆ ಎಂದು ಕೊಟ್ಟ ಉತ್ತರ ಅದು. ಘಟ್ಟ ಮುಚ್ಚಿದಾಗ ಪ್ರವಾಸಿ ಬುಕಿಂಗ್ ರದ್ದು ಮಾಡಿ ಕೊಡೈಕೆನಾಲಿಗೋ ಗೋವಾಕ್ಕೋ ಹೋಗುತ್ತಾನೆ. ಘಟ್ಟದ ಮೇಲಿನವರಿಗೆ ಮಂಗಳೂರು, ಮಣಿಪಾಲದ ಆಸ್ಪತ್ರೆಯೇ ದೂರವಾಗುತ್ತದೆ. ಡಯಾಲಿಸಿಸ್‌ಗೆ ವಾರಕ್ಕೆರಡು ಸಲ ಘಟ್ಟ ಇಳಿಯಬೇಕಾದವರು ಬೇರೆ ಘಟ್ಟ ಸುತ್ತಿ ಹೋಗಬೇಕು. ಕನ್ನಡದಲ್ಲಿ 'ಘಟ್ಟದ ಮೇಲೆ', 'ಘಟ್ಟದ ಕೆಳಗೆ' ಎನ್ನುವುದು ಎರಡು ಬದುಕುಗಳ ಹೆಸರು. ಹೆಣ್ಣು ಕೊಟ್ಟು ತಂದದ್ದು, ಉಪ್ಪು ಮೀನು ಹತ್ತಿದ್ದು, ಅಕ್ಕಿ ಅಡಿಕೆ ಇಳಿದದ್ದು ಎಲ್ಲ ಆ ದಾರಿಯಲ್ಲೇ.

ನನಗೆ ಎದುರಾಗುವ ಗಟ್ಟಿ ವಾದ ಒಂದೇ: ಪ್ರವಾಸಿಗರು ಬರದಿದ್ದರೆ ಅಲ್ಲಿನವರ ಹೊಟ್ಟೆಪಾಡೇನು? ಇದನ್ನು ತಳ್ಳಿಹಾಕಲಾರೆ. ಅಡಿಕೆಗೆ ರೋಗ ಬಿದ್ದ ವರ್ಷ ಹೋಂಸ್ಟೇ ದುಡ್ಡಿನಲ್ಲಿ ಮಕ್ಕಳ ಫೀಸು ಕಟ್ಟಿದ ಮನೆಗಳಿವೆ. ಬೆಟ್ಟವನ್ನು ಹಾಗೇ ಬಿಟ್ಟುಬಿಡಿ ಎಂದು ಊರಿನಲ್ಲಿ ಕೂತು ಹೇಳುವ ಪರಿಸರವಾದವೂ ಇನ್ನೊಂದು ಬಗೆಯ ವ್ಯೂ ಪಾಯಿಂಟೇ. ಗಾಡ್ಗೀಳ್ ಸಮಿತಿ 2011ರಲ್ಲಿ ಕೊಟ್ಟ ವರದಿಯಲ್ಲಿ ನನಗೆ ಮುಖ್ಯವಾಗಿ ಕಂಡದ್ದು, ಗ್ರಾಮಸಭೆಗಳನ್ನು ಕೇಳಿ ತೀರ್ಮಾನಿಸಿ ಎಂಬ ಮಾತು. ಅದನ್ನು ಜನರಿಗೆ ಓದಿ ಹೇಳುವ ಮೊದಲೇ ಹೆದರಿಸಿ ಮೂಲೆಗೆ ತಳ್ಳಲಾಯಿತು. ಆದರೆ ಮೂರು ದಿನದಲ್ಲಿ ಮೂರು ಘಟ್ಟ ದಾಟುವವರು ಆ ಮನೆಗಳಿಗೆ ಕೊಡುವುದೇನು? ಒಂದು ಚಹಾ, ಒಂದು ಶೌಚಾಲಯದ ವಿಚಾರಣೆ, ತಿರುವಿನಾಚೆ ಎಸೆದ ಬಾಟಲಿ. ಹೊಟ್ಟೆಪಾಡಿನ ವಾದ ನಿಲ್ಲುವುದು ಉಳಿಯುವವರ ಪರವಾಗಿ, ಓಡುವವರ ಪರವಾಗಲ್ಲ. ಹಾಳೆಯಲ್ಲಿ 'ಗ್ರೀನ್ ಕಾರ್ಪೆಟ್' ಎಂದು ಬರೆದಿರುವ ಕುದುರೆಮುಖದಲ್ಲಿ 2005ರ ಕೊನೆಯವರೆಗೆ ಕಬ್ಬಿಣದ ಅದಿರು ತೆಗೆಯುತ್ತಿದ್ದರು. ಅದನ್ನು ನಿಲ್ಲಿಸಲು ಹೋರಾಡಿದವರು ಇದ್ದರು, ನಿಂತಾಗ ಕೆಲಸ ಕಳೆದುಕೊಂಡವರೂ ಇದ್ದರು. ಕಾರಿನ ಕಿಟಕಿಯಿಂದ ಇಬ್ಬರೂ ಕಾಣುವುದಿಲ್ಲ.

ಕಾರಂತರ 'ಬೆಟ್ಟದ ಜೀವ' 1943ರಲ್ಲಿ ಬಂದದ್ದು. ಅಲ್ಲಿನ ನಿರೂಪಕ ಗೋಪಾಲಯ್ಯನ ಮನೆ ಸೇರುವುದು ದಾರಿ ತಪ್ಪಿ. ತಪ್ಪಿದ್ದರಿಂದ ಉಳಿಯುತ್ತಾನೆ, ಉಳಿದದ್ದರಿಂದ ಕಾಡು ಕಡಿದು ತೋಟ ಮಾಡಿದ ಮುದುಕನ ಹಟವೂ, ಮನೆಬಿಟ್ಟ ಮಗನ ಬಗ್ಗೆ ಆ ದಂಪತಿ ಬಾಯಿಬಿಟ್ಟು ಹೇಳದ ಸಂಕಟವೂ ಅವನಿಗೆ ತಿಳಿಯುತ್ತದೆ. ನಕ್ಷೆ ಮಾತಾಡುವ ಕಾಲದಲ್ಲಿ ಯಾರೂ ದಾರಿ ತಪ್ಪಬೇಕಿಲ್ಲ, ಹಾಗಾಗಿ ಉಳಿಯುವುದನ್ನು ನಾವೇ ಯೋಜಿಸಿಕೊಳ್ಳಬೇಕು.

ನೀಲಗಿರಿ ಮತ್ತು ಕೊಡೈಕೆನಾಲಿಗೆ ಮದ್ರಾಸ್ ಹೈಕೋರ್ಟಿನ ಆದೇಶದಂತೆ 2024ರ ಮೇ 7ರಿಂದ ಇ-ಪಾಸ್ ಬಂತು. ಮರುವರ್ಷದ ಬೇಸಿಗೆಗೆ ನೀಲಗಿರಿಗೆ ದಿನಕ್ಕೆ 6,000, ವಾರಾಂತ್ಯದಲ್ಲಿ 8,000 ವಾಹನ ಎಂಬ ಮಿತಿಯೂ ಬಿತ್ತು, ಬಸ್ಸಿಗೆ ವಿನಾಯಿತಿ ಇಟ್ಟು. ನಮ್ಮ ಎಲ್ಲ ಘಾಟಿಗಳಿಗೂ ಅಂಥದ್ದೇ ಮಿತಿ ಬೇಕು, ಆ ಸಂಖ್ಯೆಯನ್ನು ಅಲ್ಲಿನ ಗ್ರಾಮಸಭೆಗಳೂ ಕೂತು ನಿರ್ಧರಿಸಬೇಕು. ಆಂಬ್ಯುಲೆನ್ಸ್ ಮತ್ತು ಲೈನ್ ಬಸ್ಸಿಗೆ ಮೊದಲ ಹಕ್ಕು. ಅಲ್ಲಿಯವರೆಗೆ ಹೋಗಬೇಕೆಂದಿರುವವರು ಮೂರು ಘಟ್ಟದ ಬದಲು ಒಂದು ಊರು ಆರಿಸಿಕೊಳ್ಳಿ, ರಾತ್ರಿ ಬಸ್ಸಿನಲ್ಲಿ ಹೋಗಿ, ಮೂರು ದಿನ ಅಲ್ಲೇ ಇರಿ. ತೀರ್ಥಹಳ್ಳಿ, ಹೊಸನಗರ, ಸಾಗರ, ಎಲ್ಲಿಗೂ ಬಸ್ಸುಂಟು. ಭೂಮಿ ಹುಣ್ಣಿಮೆಗೆ ಹೋಗುವುದಾದರೆ ಆ ಮನೆಯವರನ್ನು ಮೊದಲೇ ಕೇಳಿಕೊಳ್ಳಿ. ಅದು ಅವರ ಮನೆಯ ಸೀಮಂತ, ಪ್ರದರ್ಶನವಲ್ಲ. ಬೇಡ ಎಂದರೆ ಹೋಗಬೇಡಿ. ಬನ್ನಿ ಎಂದರೆ ನಾಲ್ಕಕ್ಕೇ ಏಳಬೇಕಾಗುತ್ತದೆ, ಗದ್ದೆಯ ಹಾಳಿಯ ಮೇಲೆ ಕತ್ತಲಲ್ಲಿ ನಡೆಯಬೇಕಾಗುತ್ತದೆ, ಮತ್ತು ಆ ಹೊತ್ತಿನಲ್ಲಿ ಉಂಬಳ ಖಂಡಿತ ಹತ್ತುತ್ತದೆ.