ಹುಳಕ್ಕೆ ಔಷಧಿ ಅಭ್ಯಾಸ ಆಗಲ್ಲ, ಆರಿಸೋದು ನಾವೇ

ಹೋದ ತಿಂಗಳು ಚನ್ನಪಟ್ಟಣದ ಕಡೆಯ ಹುಡುಗನೊಬ್ಬ ವಾಟ್ಸಾಪಿನಲ್ಲಿ ಎಲೆಕೋಸಿನ ಫೋಟೋ ಕಳಿಸಿದ. ಎಲೆಯೆಲ್ಲಾ ಜರಡಿ ಆಗಿತ್ತು. ಕೆಳಗೆ ಬರೆದಿದ್ದ: "ಅಣ್ಣ, ಹುಳಕ್ಕೆ ಈ ಔಷಧಿ ಅಭ್ಯಾಸ ಆಗ್ಬಿಟ್ಟಿದೆ. ಡೋಸ್ ಡಬಲ್ ಮಾಡ್ಲಾ?"

ಈ "ಅಭ್ಯಾಸ" ಅನ್ನೋ ಮಾತು ನಮ್ಮ ಕಡೆ ಎಲ್ಲರ ಬಾಯಲ್ಲೂ ಇದೆ. ಔಷಧಿ ಅಂಗಡಿಯಲ್ಲೂ ಅದೇ, ಹಾಲಿನ ಡೇರಿ ಮುಂದೆಯೂ ಅದೇ. ತೋಟಗಾರಿಕೆ ಪದವಿ ಓದಿ ಬಂದ ನಾನೂ ಮೊದಮೊದಲು ಹಾಗೇ ಮಾತಾಡ್ತಿದ್ದೆ. ಆ ಪದವೇ ತಪ್ಪು, ಆ ತಪ್ಪಿಗೆ ನಾವು ಪ್ರತಿ ಬೆಳೆಯಲ್ಲೂ ದುಡ್ಡು ಕಟ್ತಿದ್ದೀವಿ. ಈ ವಾರ ನಾನು ಹೇಳಬೇಕಿರೋದು ಇಷ್ಟೇ.

ಕುಡಿಯೋ ಮನುಷ್ಯನಿಗೆ ಮೊದಲು ಒಂದು ಕ್ವಾರ್ಟರ್ ಸಾಕಾಗ್ತಿತ್ತು, ಈಗ ಎರಡು ಬೇಕು. ಅದು ಅಭ್ಯಾಸ. ಅದೇ ಮನುಷ್ಯ, ಅದೇ ದೇಹ. ಹುಳದ ಕಥೆ ಹಾಗಲ್ಲ. ನೀವು ಮೊದಲ ಸಲ ಔಷಧಿ ಹೊಡೆದಾಗ ಇದ್ದ ಹುಳ ಯಾವುದೂ ಈಗ ಹೊಲದಲ್ಲಿ ಇಲ್ಲ. ಈಗ ಇರೋದು ಅವತ್ತು ಸಾಯದೆ ಉಳಿದವುಗಳ ಮಕ್ಕಳು, ಮೊಮ್ಮಕ್ಕಳು.

ನನ್ನದೇ ಕೋಸಿನ ಕಥೆ

ನಾನು ಸಾವಯವದವನು. ಹಾಗಾಗಿ ಇದೆಲ್ಲ ರಾಸಾಯನಿಕ ಹೊಡೆಯೋರ ತಾಪತ್ರಯ ಅಂದ್ಕೊಂಡಿದ್ದೆ. ನಾಲ್ಕು ವರ್ಷದ ಹಿಂದೆ ಕನಕಪುರದಲ್ಲಿ, ಸುತ್ತಮುತ್ತ ಹಿಪ್ಪುನೇರಳೆ ಇಲ್ಲದ ಅರ್ಧ ಎಕರೆ ನೋಡಿ ಕೋಸು ಹಾಕಿದೆ. ವಜ್ರಬೆನ್ನಿನ ಪತಂಗದ ಹುಳಕ್ಕೆ ಬಿಟಿ ಪುಡಿ ಹೊಡೆದೆ. ಇದು ಮಣ್ಣಿನಲ್ಲೇ ಇರೋ ಬ್ಯಾಸಿಲಸ್ ತುರಿಂಜಿಯೆನ್ಸಿಸ್ ಅನ್ನೋ ಬ್ಯಾಕ್ಟೀರಿಯಾ. ಮೊದಲ ಬೆಳೆಯಲ್ಲಿ ಹುಳ ತೊಪತೊಪ ಉದುರಿತು. ಖುಷಿಯಾಗಿ ಅದರ ಹಿಂದೆಯೇ ಮತ್ತೆ ಕೋಸು, ಮತ್ತೆ ಬಿಟಿ. ಮೂರನೇ ಬೆಳೆಗೆ ಹುಳ ಸಾಯೋದೇ ನಿಂತುಹೋಯ್ತು. ಪುಡಿ ಹಳೇದಿರಬೇಕು ಅಂತ ಹೊಸ ಪ್ಯಾಕೆಟ್ ತಂದೆ. ಬಿಸಿಲಿಗೆ ಬಿಟಿ ಕೆಡುತ್ತೆ ಅಂತ ಸಂಜೆ ಹೊತ್ತಲ್ಲೇ ಹೊಡೆದೆ. ಯಾವುದೂ ನಡೀಲಿಲ್ಲ. ಅರ್ಧಕ್ಕರ್ಧ ಕೋಸನ್ನ ಹಸುವಿಗೆ ಹಾಕಿದೆ.

ಆಮೇಲೆ ಕಾಲೇಜಿನ ಹಳೇ ಪುಸ್ತಕ ತೆಗೆದೆ. ಹವಾಯಿಯಲ್ಲಿ ಇದೇ ಹುಳ ಹೊಲದಲ್ಲೇ ಬಿಟಿಗೆ ನಿರೋಧಕ ಆಗಿರೋದನ್ನ 1990ರಲ್ಲೇ ವರದಿ ಮಾಡಿದ್ದರು. ಅದಕ್ಕೂ ಮುಂಚೆ, 1953ರಲ್ಲಿ ಜಾವಾ ದ್ವೀಪದಲ್ಲಿ, ಡಿಡಿಟಿಗೆ ಸಾಯದ ವಜ್ರಬೆನ್ನಿನ ಪತಂಗ ಸಿಕ್ಕಿತ್ತು. ಪರೀಕ್ಷೆಗೆ ಓದಿದ್ದೆ, ಬರೆದಿದ್ದೆ, ಹೊಲದಲ್ಲಿ ಮರೆತಿದ್ದೆ.

ಒಂದು ಲೆಕ್ಕ ಹಾಕೋಣ

ಸುಮ್ಮನೆ ಲೆಕ್ಕಕ್ಕೆ ಅಂತ ಇಟ್ಕೊಳ್ಳಿ. ಹೊಲದಲ್ಲಿ 10,000 ಹುಳ ಇದೆ. ಅದರಲ್ಲಿ 10 ಹುಳಕ್ಕೆ ಹುಟ್ಟಿನಿಂದಲೇ ಆ ಔಷಧಿ ಏರಲ್ಲ. ಒಂದೇ ತಾಯಿಯ ಮಕ್ಕಳಲ್ಲೂ ಒಬ್ಬ ಕುಳ್ಳ, ಒಬ್ಬ ಉದ್ದ ಇರಲ್ವಾ, ಹಾಗೇ ಇದೂ ಹುಟ್ಟಿನ ವ್ಯತ್ಯಾಸ. ಔಷಧಿ ಬರೋದಕ್ಕೆ ಮುಂಚೆಯೇ ಅವು ಅಲ್ಲಿದ್ದವು.

ನೀವು ಹೊಡೀತೀರಿ. ಸಾಮಾನ್ಯ ಹುಳದಲ್ಲಿ ಹತ್ತಕ್ಕೆ ಒಂಬತ್ತು ಸಾಯುತ್ತೆ. ಉಳಿದಿದ್ದು ಸುಮಾರು 1,000 ಸಾಮಾನ್ಯ ಹುಳ, ಜೊತೆಗೆ ಆ 10. ಸಾವಿರಕ್ಕೆ ಒಂದಿದ್ದದ್ದು ನೂರಕ್ಕೆ ಒಂದಾಯ್ತು. ಇವೇ ಮರಿ ಮಾಡಿ ಮತ್ತೆ 10,000 ಆದಾಗ ಅದರಲ್ಲಿ 100 ಗಟ್ಟಿ ಹುಳ. ಮತ್ತೆ ಅದೇ ಔಷಧಿ ಹೊಡೆದರೆ ನೂರಕ್ಕೆ ಒಂಬತ್ತು. ಮೂರನೇ ಸಲ ಹೊಡೆದರೆ ಅರ್ಧ!

ಇನ್ನೊಂದು ವಿಷಯ ಗಮನಿಸಿ. ಮೊದಲ ಸಲ ನೂರಕ್ಕೆ 90 ಸತ್ತವು, ಎರಡನೇ ಸಲ 89, ಮೂರನೇ ಸಲ 82. ನಮ್ಮ ಕಣ್ಣಿಗೆ ಔಷಧಿ ಚೆನ್ನಾಗೇ ಕೆಲಸ ಮಾಡ್ತಿದೆ. ನಾಲ್ಕನೇ ಸಲ ಬರೀ 45. ಆಗ "ಇದ್ದಕ್ಕಿದ್ದಂಗೆ ಅಭ್ಯಾಸ ಆಯ್ತು" ಅಂತೀವಿ. ಇದ್ದಕ್ಕಿದ್ದಂಗೆ ಏನೂ ಆಗಿಲ್ಲ, ಮೊದಲ ದಿನದಿಂದಲೂ ಆಗ್ತಾನೇ ಇತ್ತು. ನಿಜವಾದ ಹೊಲದಲ್ಲಿ ಲೆಕ್ಕ ಇಷ್ಟು ಸರಳ ಇರಲ್ಲ, ಹೊರಗಿಂದ ಪತಂಗ ಹಾರಿ ಬರ್ತವೆ, ಮಳೆ ಬರುತ್ತೆ. ಆದರೆ ದಾರಿ ಇದೇ.

ಡೋಸ್ ಡಬಲ್ ಮಾಡಿದ್ರೆ? ಗಟ್ಟಿ ಹುಳಗಳಲ್ಲೇ ಇನ್ನೂ ಗಟ್ಟಿಯಾದವನ್ನ ಆರಿಸ್ತೀರಿ. ಜೊತೆಗೆ ಹುಳ ತಿನ್ನೋ ಗುಲಗಂಜಿ ಹುಳ, ಹುಳದ ಮೈಯಲ್ಲಿ ಮೊಟ್ಟೆ ಇಡೋ ಸಣ್ಣ ಕಣಜ, ಎಲ್ಲ ಸಾಯ್ತವೆ.

ಇದಕ್ಕೇ ನಿಸರ್ಗದ ಆಯ್ಕೆ ಅನ್ನೋದು. 1859ರಲ್ಲಿ ಚಾರ್ಲ್ಸ್ ಡಾರ್ವಿನ್ ಪುಸ್ತಕ ಬರೆದು ಹೇಳಿದ್ದು ಇದನ್ನೇ. ಹುಟ್ಟಿನಲ್ಲಿ ವ್ಯತ್ಯಾಸ ಇರುತ್ತೆ, ಎಲ್ಲವೂ ಬದುಕಲ್ಲ, ಬದುಕಿದ್ದರ ಗುಣ ಮುಂದಿನ ಪೀಳಿಗೆಗೆ ಹೋಗುತ್ತೆ. ಈ ಮೂರು ಸೇರಿದರೆ ತಳಿ ಬದಲಾಗಲೇಬೇಕು. ನಮ್ಮ ಹೊಲದಲ್ಲಿ ಜರಡಿ ಹಿಡಿದು ನಿಂತಿರೋರು ನಾವು, ಅಷ್ಟೇ.

"ಆದ್ರೂ ಹುಳ ಹುಳವಾಗೇ ಇದೆಯಲ್ಲ?"

ವಿಕಾಸ ಅಂದ ತಕ್ಷಣ ಯಾರಾದರೂ ಈ ಪ್ರಶ್ನೆ ಕೇಳೇ ಕೇಳ್ತಾರೆ. ಒಳ್ಳೇ ಪ್ರಶ್ನೆ. ಉತ್ತರ ನಮ್ಮ ರಾಮನಗರದ ಗೂಡಿನ ಮಾರುಕಟ್ಟೆಯಲ್ಲಿದೆ.

ರೇಷ್ಮೆ ಸಾಕಿದ ಮನೆಯವರಿಗೆ ಗೊತ್ತು, ಗೂಡಿಂದ ಹೊರಬಂದ ಚಿಟ್ಟೆಗೆ ರೆಕ್ಕೆ ಇದೆ, ಹಾರೋಕೆ ಬರಲ್ಲ. ಹುಳಕ್ಕೆ ಸೊಪ್ಪು ನಾವೇ ಹಾಕಬೇಕು, ಹಣ್ಣಾದರೆ ಚಂದ್ರಿಕೆಗೆ ನಾವೇ ಬಿಡಬೇಕು. ಇದರ ಮೂಲದ ಕಾಡು ಜಾತಿ ಬಾಂಬಿಕ್ಸ್ ಮ್ಯಾಂಡರಿನಾ ಇವತ್ತಿಗೂ ಚೀನಾದಲ್ಲಿದೆ. ಅದು ಹಾರುತ್ತೆ, ಅದರ ಹುಳ ಕಂದು ಬಣ್ಣಕ್ಕೆ ತಿರುಗಿ ಕೊಂಬೆಯಲ್ಲಿ ಅಡಗಿ ಕೂರುತ್ತೆ, ಗೂಡು ಚಿಕ್ಕದು. ಎರಡನ್ನೂ ಕೂಡಿಸಿದರೆ ಇವತ್ತಿಗೂ ಮರಿ ಆಗ್ತವೆ. 2009ರಲ್ಲಿ ಸಾಕಿದ 29 ತಳಿ, ಕಾಡಿನ 11 ಹುಳಗಳ ಡಿಎನ್‌ಎ ಪೂರ್ತಿ ಓದಿ ಹೋಲಿಸಿದಾಗಲೂ ಈ ನಂಟು ಸ್ಪಷ್ಟವಾಗಿ ಕಾಣಿಸ್ತು. ಸುಮಾರು 5,000 ವರ್ಷ ಜನ ದೊಡ್ಡ ಗೂಡು ಕಟ್ಟಿದ್ದನ್ನ, ಓಡಿಹೋಗದೆ ಇದ್ದದ್ದನ್ನ ಬಿತ್ತನೆಗೆ ಇಟ್ಟರು. ಹಾರೋ ಶಕ್ತಿಯನ್ನ ಯಾರೂ ಕೇಳಲಿಲ್ಲ, ಅದು ಹೋಯ್ತು. ಕೋಸಿನ ಹೊಲದಲ್ಲಿ ಮೂರು ಬೆಳೆಗೆ ಕಂಡದ್ದು ಇಲ್ಲಿ ಸಾವಿರಾರು ವರ್ಷ ನಡೆದಿದೆ. ಡಾರ್ವಿನ್ ಕೂಡ 1868ರ ತನ್ನ ಇನ್ನೊಂದು ಪುಸ್ತಕದಲ್ಲಿ ರೇಷ್ಮೆಹುಳವನ್ನೇ ಉದಾಹರಣೆ ಕೊಟ್ಟಿದ್ದಾನೆ.

ಮಾಗಡಿಯ ರಾಗಿಯೂ ಹೀಗೇ. ಮೂಲ ಪೂರ್ವ ಆಫ್ರಿಕಾ. ಕಾಡು ರಾಗಿಯ ಕಾಳು ಬಲಿತ ತಕ್ಷಣ ನೆಲಕ್ಕೆ ಉದುರುತ್ತೆ. ಉದುರದ ತೆನೆಯನ್ನೇ ಕೊಯ್ದು, ಬಿತ್ತಿ, ಮತ್ತೆ ಕೊಯ್ದು ನಮ್ಮ ಹಿರಿಯರು ತೆನೆಯಲ್ಲೇ ನಿಲ್ಲೋ ರಾಗಿ ಕೊಟ್ಟರು. ಮಂಡ್ಯದ ವಿ.ಸಿ. ಫಾರಂನಲ್ಲಿ ಲಕ್ಷ್ಮಣಯ್ಯನವರು ಭಾರತದ ರಾಗಿಗೆ ಆಫ್ರಿಕಾದ ರಾಗಿ ಕೂಡಿಸಿ ಇಂಡಾಫ್ ತಳಿಗಳನ್ನ ತಂದದ್ದೂ ಇದೇ ನೆಂಟಸ್ತನದ ಬಲದ ಮೇಲೆ.

ಇದಕ್ಕಿಂತಲೂ ಹಳೇ ಸಾಕ್ಷಿ ಬಿಟಿ ಪ್ಯಾಕೆಟ್ಟಿನಲ್ಲೇ ಇದೆ. ಈ ಬ್ಯಾಕ್ಟೀರಿಯಾವನ್ನ ಮೊದಲು ಕಂಡುಹಿಡಿದದ್ದು ಕೋಸಿನ ಹುಳದಲ್ಲಲ್ಲ. 1901ರಲ್ಲಿ ಜಪಾನಿನ ಇಶಿವಾತಾ ಅನ್ನೋರು ರೋಗ ಬಂದು ಸತ್ತ ರೇಷ್ಮೆಹುಳದಲ್ಲಿ ಕಂಡರು. ಹಿಪ್ಪುನೇರಳೆ ಪಕ್ಕದಲ್ಲಿ ಬಿಟಿ ಹೊಡೀಬೇಡಿ ಅನ್ನೋದು ಅದಕ್ಕೇ. ಕೋಸಿನ ಹುಳ ಸಾಯೋ ವಿಷಕ್ಕೆ ರೇಷ್ಮೆಹುಳವೂ ಸಾಯುತ್ತೆ, ಆದರೆ ಅದೇ ಕೋಸು ತಿಂದ ಹಸುವಿಗೆ ಏನೂ ಆಗಲ್ಲ. ಯಾಕೆ? ಆ ಎರಡೂ ಪತಂಗಗಳು ಒಂದೇ ಪೂರ್ವಜರ ಕವಲುಗಳು, ಹೊಟ್ಟೆಯೊಳಗೆ ವಿಷ ಅಂಟಿಕೊಳ್ಳೋ ಜಾಗ ಎರಡಕ್ಕೂ ಒಂದೇ ಥರ. ಹಸು ಬಹಳ ದೂರದ ಸಂಬಂಧಿ.

ರಣಹದ್ದಿಗೆ ಯಾಕೆ ಆಗಲಿಲ್ಲ?

ಹಾಗಾದರೆ ಎಲ್ಲ ಜೀವಿಯೂ ವಿಷಕ್ಕೆ ಹೊಂದಿಕೊಳ್ಳುತ್ತಾ? ರಾಮದೇವರ ಬೆಟ್ಟ ನೋಡಿ. "ಶೋಲೆ" ಶೂಟಿಂಗ್ ಆದ ಆ ಬಂಡೆಗಳಲ್ಲಿ ಉದ್ದ ಕೊಕ್ಕಿನ ರಣಹದ್ದು ಗೂಡು ಕಟ್ಟುತ್ತೆ. 2012ರಲ್ಲಿ ಸರ್ಕಾರ ಅದನ್ನ ರಣಹದ್ದು ಧಾಮ ಅಂತ ಘೋಷಿಸಿತು. ಅಷ್ಟರಲ್ಲಿ ದೇಶದ ತುಂಬಾ ರಣಹದ್ದು ನಾಶ ಆಗಿಹೋಗಿತ್ತು. ಮುಖ್ಯ ಕಾರಣ ದನಕ್ಕೆ ಕೊಡ್ತಿದ್ದ ನೋವಿನ ಔಷಧಿ ಡೈಕ್ಲೋಫೆನಾಕ್. ಆ ದನ ಸತ್ತರೆ ಅದರ ಮಾಂಸ ತಿಂದ ರಣಹದ್ದಿನ ಮೂತ್ರಪಿಂಡ ಕೆಡ್ತಿತ್ತು. 2006ರಲ್ಲಿ ದನಗಳಿಗೆ ಅದನ್ನ ಕೊಡೋದನ್ನ ನಿಷೇಧಿಸಿದರು.

ಕೋಸಿನ ಪತಂಗ ನೂರಾರು ಮೊಟ್ಟೆ ಇಡುತ್ತೆ, ನಮ್ಮ ಸೆಕೆಗೆ ಎರಡು ಮೂರು ವಾರದಲ್ಲಿ ಒಂದು ಪೀಳಿಗೆ ಮುಗಿಯುತ್ತೆ. ರಣಹದ್ದು ವರ್ಷಕ್ಕೆ ಒಂದೇ ಮೊಟ್ಟೆ ಇಡುತ್ತೆ, ಮರಿ ದೊಡ್ಡದಾಗಿ ಗೂಡು ಕಟ್ಟೋಕೆ ಸುಮಾರು ಐದು ವರ್ಷ ಬೇಕು. ಕೋಟಿಗಟ್ಟಲೆ ಹುಳದಲ್ಲಿ ಗಟ್ಟಿಯಾದದ್ದು ನಾಲ್ಕಾದರೂ ಇರ್ತವೆ. ಹೀಗೆ ನಿಧಾನಕ್ಕೆ ಹುಟ್ಟೋ ಹಕ್ಕಿಗೆ ಆ ಅವಕಾಶ ಸಿಗೋದಕ್ಕೆ ಮೊದಲೇ ಸಂತತಿ ಮುಗೀತು. ವಿಷದ ಓಟದಲ್ಲಿ ಗೆಲ್ಲೋದು ಬೇಗ ಬೇಗ ಹುಟ್ಟೋ ಜೀವಿ. ಅಂದರೆ ನಮಗೆ ಬೇಡದ್ದೇ ಗೆಲ್ಲುತ್ತೆ.

ಇದು ಶಾಲೆಯಲ್ಲೇ ಸಿಗಬೇಕಿತ್ತು

2023ರಲ್ಲಿ ಎನ್‌ಸಿಇಆರ್‌ಟಿ ಹತ್ತನೇ ತರಗತಿಯ ವಿಜ್ಞಾನ ಪುಸ್ತಕದಿಂದ ವಿಕಾಸದ ಪಾಠ ಕೈಬಿಟ್ಟಿತು. ದೇಶದ 1,800ಕ್ಕೂ ಹೆಚ್ಚು ವಿಜ್ಞಾನಿಗಳು, ಶಿಕ್ಷಕರು ಬಹಿರಂಗ ಪತ್ರ ಬರೆದು ವಿರೋಧಿಸಿದರು. ಹನ್ನೆರಡನೇ ತರಗತಿಯ ಜೀವಶಾಸ್ತ್ರದಲ್ಲಿ ಇದೆಯಲ್ಲ ಅಂತ ಸಮಜಾಯಿಷಿ ಬಂತು. ಆದರೆ ಎಸ್‌ಎಸ್‌ಎಲ್‌ಸಿ ಮುಗಿಸಿ ಅಪ್ಪನ ಜೊತೆ ಹೊಲಕ್ಕೆ ಬರೋ ಹುಡುಗ ಹನ್ನೆರಡನೇ ತರಗತಿಗೆ ಹೋಗಲ್ಲ. ಪಿಯುಸಿಯಲ್ಲಿ ಕಾಮರ್ಸ್ ತಗೊಂಡ ಹುಡುಗಿಗೂ ಆ ಪಾಠ ಇಲ್ಲ. ಡಾಕ್ಟರ್ ಆಗೋನಿಗೆ ಮಾತ್ರ ಬೇಕಾದ ಪಾಠ ಅಲ್ಲ ಇದು. ಬೆನ್ನಿಗೆ ಸ್ಪ್ರೇಯರ್ ಕಟ್ಟೋನಿಗೆ ಮೊದಲು ಬೇಕು.

ಹಾಗಾದರೆ ಏನು ಮಾಡೋದು?

ನಾನು ರಾಸಾಯನಿಕ ಹೊಡೆಯಲ್ಲ. ಓದ್ತಿರೋ ನಿಮ್ಮಲ್ಲಿ ತುಂಬಾ ಜನ ಹೊಡೀತೀರಿ. ಈ ಮಾತು ಇಬ್ಬರಿಗೂ.

1. ಬ್ರ್ಯಾಂಡ್ ಹೆಸರು ನೋಡಬೇಡಿ, ಬಾಟಲಿ ಮೇಲಿನ ತಾಂತ್ರಿಕ ಹೆಸರು ನೋಡಿ. ಅದರ ಜೊತೆ "ಐಆರ್‌ಎಸಿ ಗುಂಪು" ಅಂತ ಮೊಬೈಲಲ್ಲಿ ಹುಡುಕಿದರೆ ನಂಬರ್ ಸಿಗುತ್ತೆ. ಒಂದೇ ನಂಬರ್ ಅಂದರೆ ಹುಳವನ್ನ ಕೊಲ್ಲೋ ದಾರಿ ಒಂದೇ.

2. ಹುಳದ ಒಂದು ಪೀಳಿಗೆಗೆ ಒಂದು ಗುಂಪು, ಮುಂದಿನ ಪೀಳಿಗೆಗೆ ಬೇರೆ ಗುಂಪು. ಬಿಟಿಗೂ ಇದೇ ನಿಯಮ, ಸಾವಯವ ಅಂತ ರಿಯಾಯಿತಿ ಇಲ್ಲ.

3. ಕೋಸಿನ ಜೊತೆ ಸಾಸಿವೆ ಹಾಕಿ. ಹೆಸರಘಟ್ಟದ ತೋಟಗಾರಿಕೆ ಸಂಶೋಧನಾ ಸಂಸ್ಥೆ ಹೇಳೋ ಪ್ರಕಾರ 25 ಸಾಲು ಕೋಸಿಗೆ ಎರಡು ಸಾಲು ಸಾಸಿವೆ. ಒಂದು ಸಾಲು ಕೋಸು ನಾಟಿಗೆ 15 ದಿನ ಮೊದಲು, ಇನ್ನೊಂದು ನಾಟಿಯಾದ 25 ದಿನಕ್ಕೆ. ಪತಂಗ ಸಾಸಿವೆ ಮೇಲೆ ಮೊಟ್ಟೆ ಇಡುತ್ತೆ, ನಿಮ್ಮ ಸ್ಪ್ರೇ ಕಮ್ಮಿ ಆಗುತ್ತೆ.

4. ಕೋಸಿನ ಹಿಂದೆಯೇ ಕೋಸು, ಹೂಕೋಸು, ಮೂಲಂಗಿ ಬೇಡ. ಅವಕ್ಕೆಲ್ಲ ಹುಳ ಒಂದೇ. ನಡುವೆ ರಾಗಿಯೋ ಹುರುಳಿಯೋ ಬರಲಿ. ನಾನೀಗ ಮಾಡ್ತಿರೋದು ಇದನ್ನೇ.

ಚನ್ನಪಟ್ಟಣದ ಹುಡುಗನಿಗೆ ಡೋಸ್ ಡಬಲ್ ಬೇಡ, ಇದುವರೆಗೂ ಹೊಡೆದ ಬಾಟಲಿಗಳ ಫೋಟೋ ಕಳಿಸಪ್ಪ ಅಂದೆ. ಮೂರು ಬಾಟಲಿ, ಮೂರು ಕಂಪನಿ, ಮೂರು ಬಣ್ಣ. ಕ್ಲೋರಂಟ್ರಾನಿಲಿಪ್ರೋಲ್, ಫ್ಲುಬೆಂಡಿಯಮೈಡ್, ಸಯಾಂಟ್ರಾನಿಲಿಪ್ರೋಲ್. ಗುಂಪಿನ ನಂಬರ್ ಹುಡುಕು ಅಂದೆ. ಹತ್ತು ನಿಮಿಷ ಬಿಟ್ಟು ಅವನೇ ಮೆಸೇಜ್ ಹಾಕಿದ: "ಅಣ್ಣ, ಮೂರೂ 28."